ಮೊದಲ ಇಪ್ಪತ್ನಾಲ್ಕು ತಾಸು: ಠಾಣೆಯಿಂದ ಜಾಮೀನಿನವರೆಗೆ ರಾಯಚೂರು, ದೇವದುರ್ಗ, ಮಾನ್ವಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಪೊಲೀಸ್ ಕೇಸು ಶುರುವಾಗುವುದು ಒಂದು ಫೋನಿನಿಂದ. ‘ಸಾಹೇಬ್ರು ಕರ್ಯಾಕತ್ತಾರ, ಒಂದ್ ಸಲ ಸ್ಟೇಷನ್ನಿಗೆ ಬಂದು ಹೋಗು’ ಎನ್ನುತ್ತದೆ ಆ ಕಡೆಯ ದನಿ. ಕರೆ ಬಂದವನು ಹತ್ತಿ ಹೊಲದ ಕೆಲಸ ಅರ್ಧಕ್ಕೆ ಬಿಟ್ಟು, ಅಂಗಿ ಬದಲಿಸಿಕೊಂಡು, ಊರಿನ ಹಿರಿಯರೊಬ್ಬರನ್ನು ಜೊತೆ ಮಾಡಿಕೊಂಡು ಹೋಗಿ ಬೆಂಚಿನ ಮೇಲೆ ಕೂಡುತ್ತಾನೆ. ತಾನು ಸಾಕ್ಷಿಯೋ, ಆರೋಪಿಯೋ, ಸುಮ್ಮನೆ ವಿಚಾರಿಸಲು ಕರೆಸಿದ್ದಾರೋ ಅವನಿಗೆ ಗೊತ್ತಿಲ್ಲ. ಸಂಜೆಯಾದರೂ ಹೋಗು ಎನ್ನುವವರಿಲ್ಲ, ಇರು ಎನ್ನುವವರೂ ಇಲ್ಲ. ಮನೆಯವರು ಹೊರಗೆ ಚಹಾದಂಗಡಿಯ ಮುಂದೆ ನಿಂತು ಯಾರಿಗೆ ಹೇಳಿಸಿದರೆ ಕೆಲಸ ಆದೀತು ಎಂದು ಲೆಕ್ಕ ಹಾಕುತ್ತಿರುತ್ತಾರೆ. ಹೀಗೆ ಹೆಸರಿಲ್ಲದೆ ಕಳೆದುಹೋಗುವ ಈ ತಾಸುಗಳಲ್ಲೇ ಒಬ್ಬ ಮನುಷ್ಯನ ಹಕ್ಕು ಉಳಿಯುವುದೋ ಹೋಗುವುದೋ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಆಮೇಲೆ ಎಷ್ಟು ದೊಡ್ಡ ವಕೀಲರನ್ನು ಹಿಡಿದರೂ, ಹೈಕೋರ್ಟಿನ ಕಲಬುರಗಿ ಪೀಠದವರೆಗೆ ಹೋದರೂ, ವಾದ ನಡೆಯುವುದು ಈ ಹೊತ್ತಿನಲ್ಲಿ ಹುಟ್ಟಿದ ಕಾಗದಗಳ ಮೇಲೆ.

2024ರ ಜುಲೈ 1ರಿಂದ ದೇಶದ ಕ್ರಿಮಿನಲ್ ಕಾನೂನು ಬದಲಾಗಿದೆ. 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕಲಂಗಳ ಸಂಖ್ಯೆ ಬದಲಾದ ಗೊಂದಲ ವಕೀಲರಿಗೇ ಇನ್ನೂ ತೀರಿಲ್ಲ. ಆದರೆ ಬಂಧಿತನ ಮೂಲ ಹಕ್ಕುಗಳು ಸಂವಿಧಾನದ 20, 21 ಮತ್ತು 22ನೇ ವಿಧಿಗಳಲ್ಲಿವೆ. ಸಂಹಿತೆ ಬದಲಾದರೂ ಅವು ಅಲುಗಾಡಿಲ್ಲ. ಕಲಂಗಳ ಸಂಖ್ಯೆ ಬಾಯಿಪಾಠ ಮಾಡುವುದಕ್ಕಿಂತ, ಯಾವ ಹೊತ್ತಿನಲ್ಲಿ ಯಾವ ಕಾಗದ ಕೇಳಬೇಕು ಎಂಬುದನ್ನು ತಿಳಿದಿರುವುದು ನಮ್ಮ ಜಿಲ್ಲೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56 ಇತ್ತು, ರಾಜ್ಯದ್ದು ಶೇ 75.36. ಓದಲು ಬಾರದವನೂ ‘ಇದರ ಒಂದು ಪ್ರತಿ ಕೊಡ್ರಿ’ ಎಂದು ಕೇಳಬಲ್ಲ. ಈ ಒಂದು ಮಾತಿಗೆ ಕಾನೂನಿನ ಬೆಂಬಲ ಎಷ್ಟಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಫೋನಿನ ಕರೆಯಿಂದಲೇ ನೋಡೋಣ. ಸಾಕ್ಷಿಯಾಗಿ ಒಬ್ಬರನ್ನು ಠಾಣೆಗೆ ಕರೆಸಬೇಕಾದರೆ ತನಿಖಾಧಿಕಾರಿ ಲಿಖಿತ ಆದೇಶ ಕೊಡಬೇಕು ಎನ್ನುತ್ತದೆ ಸುರಕ್ಷಾ ಸಂಹಿತೆಯ 179ನೇ ಕಲಂ. ಹೆಂಗಸರನ್ನು, ಹದಿನೈದು ವರ್ಷದೊಳಗಿನ ಹುಡುಗರನ್ನು, ಅರವತ್ತು ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಸಾಕ್ಷಿ ವಿಚಾರಣೆಗೆಂದು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರಿದ್ದಲ್ಲಿಗೆ ಪೊಲೀಸರೇ ಹೋಗಬೇಕು. ಮಗ ಸಿಗಲಿಲ್ಲವೆಂದು ಮುದುಕ ತಂದೆಯನ್ನೋ ತಾಯಿಯನ್ನೋ ಠಾಣೆಯಲ್ಲಿ ಕೂರಿಸಿಕೊಳ್ಳಲು ಯಾವ ಕಲಮಿನಲ್ಲೂ ಅವಕಾಶವಿಲ್ಲ.

ಆರೋಪಿಯಾಗಿ ಕರೆಸುವುದಾದರೆ 35ನೇ ಕಲಂ ನೋಡಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕೂಡಲೇ ಬಂಧಿಸುವುದು ನಿಯಮವಲ್ಲ, ಹಾಜರಾಗಲು ನೋಟಿಸು ಕೊಡುವುದೇ ನಿಯಮ. ನೋಟಿಸಿನಂತೆ ಹಾಜರಾಗಿ ಸಹಕರಿಸುವವರನ್ನು, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. 2014ರ ಜುಲೈ 2ರಂದು ಸುಪ್ರೀಂ ಕೋರ್ಟು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಇದನ್ನು ಕಟ್ಟುನಿಟ್ಟಾಗಿ ಹೇಳಿತು. ತಪ್ಪಿದ ಪೊಲೀಸ್ ಅಧಿಕಾರಿಗೆ ಇಲಾಖಾ ಕ್ರಮ, ನ್ಯಾಯಾಂಗ ನಿಂದನೆ ಎರಡೂ ಇವೆ ಎಂದಿತು. ಕಣ್ಣು ಮುಚ್ಚಿ ರಿಮಾಂಡ್ ಕೊಡುವ ಮ್ಯಾಜಿಸ್ಟ್ರೇಟರನ್ನೂ ಬಿಡಲಿಲ್ಲ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ನೋಟಿಸು ಈ ಕಲಮಿನ ನೋಟಿಸಾಗದು ಎಂದು 2025ರಲ್ಲಿ ಅದೇ ಕೋರ್ಟು ಸ್ಪಷ್ಟಪಡಿಸಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು ಆರೋಪಿ ಅರವತ್ತು ದಾಟಿದವರೋ ಅಶಕ್ತರೋ ಆಗಿದ್ದರೆ, ಬಂಧಿಸುವ ಮುನ್ನ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. ಹೊಸ ಸಂಹಿತೆ ತಂದ ಒಳ್ಳೆಯ ಬದಲಾವಣೆಗಳಲ್ಲಿ ಇದೊಂದು. ನೋಟಿಸು ಬಂದರೆ ಹೆದರಿ ಊರು ಬಿಡುವುದು ನಮ್ಮಲ್ಲಿ ರೂಢಿ. ಅದರಿಂದಾಗುವ ನಷ್ಟ ದೊಡ್ಡದು. ನೋಟಿಸಿಗೆ ಹಾಜರಾಗಿ, ಹಾಜರಾದ ದಿನಾಂಕ ಮತ್ತು ವೇಳೆಯನ್ನು ಅದರ ಪ್ರತಿಯ ಮೇಲೆ ಬರೆಸಿಕೊಂಡು ಬಂದವನಿಗೆ ಅದೇ ಕಾಗದ ಬಂಧನದ ವಿರುದ್ಧ ರಕ್ಷಣೆ. ಊರು ಬಿಟ್ಟವನ ಬಂಧನಕ್ಕೆ ಕಾರಣವನ್ನು ಅವನೇ ಕೊಟ್ಟಂತಾಗುತ್ತದೆ.

ಇನ್ನು ಬಂಧನ. ಬಂಧಿಸಿದ ಇಪ್ಪತ್ನಾಲ್ಕು ತಾಸಿನೊಳಗೆ, ಪ್ರಯಾಣದ ವೇಳೆ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು, ಸುರಕ್ಷಾ ಸಂಹಿತೆಯ 58ನೇ ಕಲಮಿನ ಮಾತು. ದೇವದುರ್ಗದಲ್ಲೂ ಮಾನ್ವಿಯಲ್ಲೂ ನ್ಯಾಯಾಲಯಗಳಿವೆ. ದೂರದ ನೆಪ ಹೇಳುವಂತಿಲ್ಲ, ರಜೆಯ ನೆಪವನ್ನೂ ಹೇಳುವಂತಿಲ್ಲ. ಭಾನುವಾರವಾದರೆ ಪ್ರಭಾರದಲ್ಲಿರುವ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯಬೇಕು. ಎಲ್ಲರಿಗೂ ಗೊತ್ತಿರುವ ಈ ನಿಯಮ ಮುರಿಯುವುದು ಅದರ ಆರಂಭದಲ್ಲಿ. ಶುಕ್ರವಾರ ಬೆಳಿಗ್ಗೆ ಠಾಣೆಗೆ ಹೋದವನ ಬಂಧನವನ್ನು ಶನಿವಾರ ಸಂಜೆ ಆಯಿತೆಂದು ಬರೆದರೆ, ಕಾಗದದ ಮೇಲೆ ಕಾನೂನು ಪೂರ್ತಿ ಪಾಲನೆಯಾದಂತೆ ಕಾಣುತ್ತದೆ. ಮನುಷ್ಯನ ಓಡಾಟದ ಸ್ವಾತಂತ್ರ್ಯವನ್ನು ತಡೆದ ಗಳಿಗೆಯೇ ಬಂಧನದ ಗಳಿಗೆ, ಅಧಿಕಾರಿ ಬರೆದುಕೊಂಡ ವೇಳೆಯಲ್ಲ ಎಂದು ಬಾಂಬೆ ಹೈಕೋರ್ಟು 1990ರಲ್ಲೇ ಹೇಳಿದೆ. ಅದನ್ನು ಸಾಬೀತು ಮಾಡಲು ಆಧಾರ ಬೇಕು. ಕರೆ ಬಂದ ಫೋನಿನ ದಾಖಲೆ, ಮನೆಯವರು ಆ ಸಂಜೆ ಎಸ್‌ಪಿ ಕಚೇರಿಗೆ ಕಳಿಸಿದ ಒಂದು ಇಮೇಲ್ ಅಥವಾ ರಿಜಿಸ್ಟರ್ಡ್ ಪತ್ರ, ಠಾಣೆಯ ಸಿಸಿಟಿವಿ ಇವೇ ಆಧಾರ. ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆ, ಅಧಿಕಾರಿಗಳ ಕೋಣೆಗಳಲ್ಲಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿತು. ಆ ದೃಶ್ಯ ಅಳಿಸಿಹೋಗುವ ಮುನ್ನ ಕಾದಿರಿಸಲು ಕೋರಿ ಕೋರ್ಟಿಗೆ ಅರ್ಜಿ ಹಾಕಿಸುವುದು ವಕೀಲರ ಮೊದಲ ವಾರದ ಕೆಲಸವಾಗಬೇಕು.

ಬಂಧನದ ಜೊತೆಗೆ ಹುಟ್ಟುವ ಎರಡು ಕಾಗದಗಳನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದು ಬಂಧನ ಪತ್ರ, ಪೊಲೀಸರು ಅರೆಸ್ಟ್ ಮೆಮೋ ಎನ್ನುವುದು ಇದನ್ನೇ. ಅದರಲ್ಲಿ ದಿನಾಂಕ, ವೇಳೆ, ಸ್ಥಳ ಇರಬೇಕು. ಮನೆಯವರೊಬ್ಬರೋ ಊರಿನ ಗೌರವಸ್ಥರೊಬ್ಬರೋ ಸಾಕ್ಷಿ ಹಾಕಿರಬೇಕು. ಬಂಧಿತನ ಸಹಿ ಇರಬೇಕು. ಸಹಿ ಹಾಕುವ ಮುನ್ನ ನೋಡಬೇಕಾದದ್ದು ವೇಳೆಯ ಸಾಲು. ಬರೆದ ವೇಳೆ ತಪ್ಪಿದ್ದರೆ, ಸಹಿಯ ಪಕ್ಕದಲ್ಲೇ ತನ್ನನ್ನು ಕರೆತಂದ ನಿಜವಾದ ವೇಳೆಯನ್ನು ಬರೆಯಲು ಯಾರೂ ಅಡ್ಡಿ ಮಾಡುವಂತಿಲ್ಲ. ಓದು ಬಾರದಿದ್ದರೆ ಮೊದಲು ಓದಿ ಹೇಳಲು ಕೇಳಬೇಕು. ಈ ಪತ್ರದ ಮೂಲ 1996ರ ಡಿ.ಕೆ. ಬಸು ತೀರ್ಪು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಮುಖ್ಯಸ್ಥರೊಬ್ಬರು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗೆ ಬರೆದ ಒಂದು ಪತ್ರವೇ ರಿಟ್ ಅರ್ಜಿಯಾಗಿ, ಹತ್ತು ವರ್ಷದ ನಂತರ ದೇಶದ ಎಲ್ಲ ಠಾಣೆಗಳಿಗೂ ನಿಯಮವಾಯಿತು. ಆ ನಿಯಮಗಳು ಈಗ ಸಂಹಿತೆಯ 36ರಿಂದ 38ರವರೆಗಿನ ಕಲಂಗಳಲ್ಲಿ ಸೇರಿಕೊಂಡಿವೆ. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಸ್ಪಷ್ಟವಾಗಿರಬೇಕು. ಬಂಧಿತನು ಹೇಳಿದ ಒಬ್ಬ ಬಂಧುವಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸಬೇಕು. ಬಂಧಿತರ ವಿವರ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಗೊತ್ತಾಗಿರಬೇಕು, ಆ ವಿವರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.

ಎರಡನೆಯದು ಬಂಧನದ ಕಾರಣಗಳ ಕಾಗದ. ಇದಕ್ಕೆ ಈಚಿನ ವರ್ಷಗಳಲ್ಲಿ ದೊಡ್ಡ ಬಲ ಬಂದಿದೆ. ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ ಹೇಳಿದ್ದು ಹಣ ಅಕ್ರಮ ವರ್ಗಾವಣೆಯ ಕೇಸುಗಳಿಗೆ. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಅದನ್ನು ಎಲ್ಲ ಅಪರಾಧಗಳಿಗೂ ಹಿಗ್ಗಿಸಿತು. ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು, ಸ್ಥಳದಲ್ಲೇ ಕೊಡಲಾಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ತಾಸು ಮೊದಲಾದರೂ ಕೊಡಬೇಕು, ಇಲ್ಲವಾದರೆ ಬಂಧನವೇ ಕಾನೂನುಬಾಹಿರ ಎಂದಿತು. ರಾಯಚೂರಿನ ಮಟ್ಟಿಗೆ ‘ತಿಳಿಯುವ ಭಾಷೆ’ ಎಂಬ ಮಾತು ದೊಡ್ಡದು. ನಗರದ ಓಣಿಗಳಲ್ಲಿ ಉರ್ದು ಮನೆಮಾತಿನವರು, ಗಡಿಯ ಹಳ್ಳಿ ಮತ್ತು ಕ್ಯಾಂಪುಗಳಲ್ಲಿ ತೆಲುಗಿನವರು, ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರು ಇದ್ದಾರೆ. ಕೃಷ್ಣೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರ. ಆ ಕಡೆಯ ಪೊಲೀಸರು ಬಂದು ಕರೆದೊಯ್ದ ನಮ್ಮವನಿಗೆ ತೆಲುಗಿನ ಕಾಗದ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ, ನಮ್ಮ ಠಾಣೆಗೆ ಬಂದ ತೆಲುಗಿನವನಿಗೆ ಕನ್ನಡದ್ದು ಮಾತ್ರ ಕೊಟ್ಟರೂ ಸಾಲದು.

ಹೆಂಗಸರ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಹದಿನೆಂಟು ತುಂಬದ ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ, ಅವನ ದಾರಿ ಬಾಲ ನ್ಯಾಯ ಮಂಡಳಿಯ ಕಡೆಗೆ. ವಯಸ್ಸಿಗೆ ಆಧಾರವಾಗಿ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರವನ್ನು ಮನೆಯವರು ಕೂಡಲೇ ತೋರಿಸಬೇಕು. ಕೈಕೋಳದ ಬಗ್ಗೆಯೂ ಒಂದು ಮಾತು. ಹೊಸ ಸಂಹಿತೆ ಕೊಲೆ, ಅತ್ಯಾಚಾರ, ಮಾದಕ ವಸ್ತು, ಪದೇ ಪದೇ ಅಪರಾಧ ಇಂಥ ಕೆಲವೇ ಸಂದರ್ಭಗಳಲ್ಲಿ ಕೈಕೋಳಕ್ಕೆ ಅವಕಾಶ ಕೊಟ್ಟಿದೆ. ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಚೆಕ್ ಬೌನ್ಸ್ ವಾರಂಟಿನಲ್ಲಿ ಕೋಳ ತೊಡಿಸಿ ಬೀದಿಯಲ್ಲಿ ನಡೆಸಿದ್ದಕ್ಕೆ ನಮ್ಮ ಹೈಕೋರ್ಟು 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ.

ಮುಂದೆ ಬರುವುದು ಸಹಿಯ ವಿಚಾರ. ಪೊಲೀಸರು ಕೇಳಿದ್ದಕ್ಕೆ ಸತ್ಯ ಹೇಳಬೇಕು, ಆದರೆ ತನ್ನನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಸಂವಿಧಾನದ 20ನೇ ವಿಧಿಯ ಮೂರನೇ ಖಂಡದ ಈ ಹಕ್ಕಿಗೆ ಕರ್ನಾಟಕದ ನಂಟೂ ಇದೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪಿತ್ತದ್ದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ. ಇಷ್ಟೆಲ್ಲ ಇದ್ದೂ ನಮ್ಮ ಕಡೆಯ ದೋಷಾರೋಪ ಪಟ್ಟಿಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಹಾಳೆ ತಪ್ಪದೆ ಇರುತ್ತದೆ. ‘ನಾನು ಈ ಕೆಳಗೆ ಸಹಿ ಮಾಡಿದ’ ಎಂದು ಶುರುವಾಗಿ, ಆರೋಪಿಯ ವಂಶಾವಳಿಯಿಂದ ಹಿಡಿದು ಅಪರಾಧದವರೆಗೆ ಒಂದೇ ಓಟದಲ್ಲಿ ಬರೆದು ಮುಗಿಸಿದ ಹೇಳಿಕೆ. ಪೊಲೀಸ್ ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಾಗುವುದಿಲ್ಲ. ಹೇಳಿಕೆಯಿಂದಾಗಿ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಲೆಕ್ಕಕ್ಕೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಬಾರದು ಎಂದು 181ನೇ ಕಲಂ ನೇರವಾಗಿಯೇ ಹೇಳುತ್ತದೆ. ಆದ್ದರಿಂದ ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಯಾವ ಕಾರಣಕ್ಕೂ ಬೇಡ. ‘ಸುಮ್ನೆ ಒಂದ್ ಸಹಿ ಹಾಕು, ಮನಿಗ್ ಹೋಗ್ತಿ’ ಎನ್ನುವ ಮಾತು ನಂಬಿ ಹಾಕಿದ ಸಹಿ, ಮರುದಿನ ಪಂಚನಾಮೆಯಲ್ಲೋ ಜಪ್ತಿಪಟ್ಟಿಯಲ್ಲೋ ಕಾಣಿಸಿಕೊಳ್ಳಬಹುದು. ಶೋಧ ಮತ್ತು ಜಪ್ತಿಯನ್ನು ಈಗ ಮೊಬೈಲಿನಲ್ಲಾದರೂ ವಿಡಿಯೊ ಚಿತ್ರೀಕರಿಸಲೇಬೇಕು, ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಲೇಬೇಕು. ಆ ವಿಡಿಯೊ ಕೇಳುವ ಅಭ್ಯಾಸ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಬೇಗ ಬೆಳೆಯಬೇಕು.

ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಒಂದು ಪ್ರಶ್ನೆ ಬರುತ್ತದೆ: ಪೊಲೀಸರಿಂದ ಏನಾದರೂ ತೊಂದರೆ ಆಯಿತೇ? ಹಿಂದೆ ಅದೇ ಪೊಲೀಸರು ನಿಂತಿರುತ್ತಾರೆ. ಇಲ್ಲ ಎಂದು ತಲೆ ಅಲ್ಲಾಡಿಸಿದರೆ, ಆರೋಪಿ ಯಾವುದೇ ದೂರು ಹೇಳಲಿಲ್ಲ ಎಂಬ ಒಂದು ಸಾಲು ಆದೇಶದ ಹಾಳೆಯಲ್ಲಿ ಸೇರಿಬಿಡುತ್ತದೆ. ಬೆನ್ನ ಮೇಲೆ ಬಾಸುಂಡೆ ಇದ್ದರೂ, ಎರಡು ದಿನ ಮೊದಲೇ ಕರೆತಂದಿದ್ದರೂ, ಮುಂದೆ ಪ್ರತಿಯೊಂದು ವಾದಕ್ಕೂ ಆ ಸಾಲು ಅಡ್ಡ ನಿಲ್ಲುತ್ತದೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಆ ಅರ್ಧ ನಿಮಿಷ. ಹೊಡೆದಿದ್ದರೆ ಅಲ್ಲಿಯೇ ಹೇಳಬೇಕು, ಯಾವಾಗ ಕರೆತಂದರು ಎಂಬುದನ್ನು ಅಲ್ಲಿಯೇ ಹೇಳಬೇಕು, ಕಾರಣದ ಕಾಗದ ಕೊಟ್ಟಿಲ್ಲವೆಂದರೆ ಅದನ್ನೂ ಅಲ್ಲಿಯೇ ಹೇಳಬೇಕು. ಬಂಧನದ ನಂತರದ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಸಿಗಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಗಾಯ ನೋಡಿ ಬರೆದ ಎರಡು ಸಾಲಿಗೆ ಆಮೇಲೆ ಎಷ್ಟೋ ಬೆಲೆ ಬರುತ್ತದೆ.

ಆ ಅರ್ಧ ನಿಮಿಷದಲ್ಲಿ ಪಕ್ಕದಲ್ಲಿ ವಕೀಲರಿದ್ದರೆ ಬಾಯಿ ಬರುತ್ತದೆ. ಬಡವನಿಗೆ ವಕೀಲರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉತ್ತರವಿದೆ; ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು, ಪೊಲೀಸ್ ಅಥವಾ ಜೈಲಿನ ವಶದಲ್ಲಿರುವ ಯಾರೇ ಆದರೂ ಆದಾಯ ಎಷ್ಟೆಂದು ಕೇಳಿಸಿಕೊಳ್ಳದೆ ಉಚಿತ ವಕೀಲರನ್ನು ಪಡೆಯಬಹುದು. ಈ ಮಾತನ್ನು ನಮ್ಮ ಜಿಲ್ಲೆಯ ಲೆಕ್ಕಕ್ಕೆ ಇಟ್ಟು ನೋಡಿ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಐದರಲ್ಲೊಂದು ಪಾಲು, ಪರಿಶಿಷ್ಟ ಪಂಗಡದವರು ಹೆಚ್ಚುಕಡಿಮೆ ಅಷ್ಟೇ. ಉಳಿದವರಲ್ಲಿ ಅರ್ಧ ಹೆಂಗಸರು. ಅಂದರೆ ಜಿಲ್ಲೆಯ ಹತ್ತರಲ್ಲಿ ಏಳು ಜನಕ್ಕೆ ಬಂಧನಕ್ಕೆ ಮೊದಲೇ, ಠಾಣೆಯ ಮೆಟ್ಟಿಲು ಹತ್ತುವಾಗಲೇ ಈ ಹಕ್ಕು ಇದೆ. ಉಳಿದ ಮೂವರಿಗೂ ವಶಕ್ಕೆ ತೆಗೆದುಕೊಂಡ ಗಳಿಗೆಯಲ್ಲಿ ಸಿಗುತ್ತದೆ. ಇಷ್ಟು ಅಗಲವಾದ ಹಕ್ಕನ್ನು ಇಷ್ಟು ಕಡಿಮೆ ಜನ ಬಳಸುವುದು ನಮ್ಮ ವ್ಯವಸ್ಥೆಯ ದೊಡ್ಡ ಸೋಲು ಎಂದೇ ನಾನು ಹೇಳುತ್ತೇನೆ.

ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ಮಟ್ಟದಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗಳಿವೆ, 15100 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಬಂಧನಕ್ಕೆ ಮೊದಲು, ಬಂಧನದ ಹೊತ್ತಿನಲ್ಲಿ, ರಿಮಾಂಡಿನಲ್ಲಿ ವಕೀಲರ ನೆರವು ಮುಟ್ಟಿಸುವ ಕ್ರಮವನ್ನು ರಾಷ್ಟ್ರೀಯ ಪ್ರಾಧಿಕಾರ 2019ರಲ್ಲೇ ರೂಪಿಸಿತು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ವಿಚಾರಣೆಯ ಹೊತ್ತಿನಲ್ಲಿ ವಕೀಲರನ್ನು ಭೇಟಿಯಾಗುವ ಹಕ್ಕು 38ನೇ ಕಲಮಿನಲ್ಲಿದೆ. ಉಚಿತ ವಕೀಲರೆಂದರೆ ಎರಡನೇ ದರ್ಜೆಯವರು ಎಂಬ ಅನುಮಾನ ಜನರಲ್ಲಿ ಗಟ್ಟಿಯಾಗಿದೆ. ಈಗ ಅನೇಕ ಜಿಲ್ಲೆಗಳಲ್ಲಿ ಖಾಸಗಿ ಕೇಸು ಹಿಡಿಯದೆ ಪೂರ್ಣಕಾಲ ಇದೇ ಕೆಲಸ ಮಾಡುವ ಕಾನೂನು ನೆರವು ಪ್ರತಿರಕ್ಷಣಾ ವಕೀಲರಿದ್ದಾರೆ. ಆ ಅನುಮಾನ ಕಳೆಯುವುದು ಅವರ ಕೆಲಸದಿಂದಲೇ ಆಗಬೇಕು.

ಯಾವ ಕೇಸುಗಳಲ್ಲಿ ನಮ್ಮ ಜನ ಠಾಣೆ ಹತ್ತುತ್ತಾರೆ ಎಂಬುದಕ್ಕೆ ನೆಲದ ಸಂಬಂಧವಿದೆ. ದೇವದುರ್ಗದ ಅಂಚಿಗೆ ಕೃಷ್ಣೆ, ಮಾನ್ವಿಯ ಅಂಚಿಗೆ ತುಂಗಭದ್ರೆ. ಎರಡು ಕಡೆಯೂ ಮರಳು. ಪರವಾನಗಿಯಿಲ್ಲದೆ ಮರಳು ಸಾಗಿಸುವ ಟ್ರ್ಯಾಕ್ಟರನ್ನು ರಾತ್ರಿ ಹಿಡಿದರೆ ಮೊದಲ ಆರೋಪಿ ಚಾಲಕ, ಕೂಲಿಗೆ ಬಂದ ಹುಡುಗ. ಗಣಿ ಕಾಯ್ದೆಯ ಜೊತೆಗೆ ಕಳವಿನ ಕಲಮೂ ಬೀಳಬಹುದು. ಎರಡೂ ಒಟ್ಟಿಗೆ ನಿಲ್ಲುತ್ತವೆ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಮಾಲೀಕನೇ ಗೊತ್ತು ಮಾಡಿದ ವಕೀಲರು ಇಬ್ಬರ ಪರವೂ ನಿಲ್ಲುವುದುಂಟು. ಮಾಲೀಕನಿಗೆ ಗೊತ್ತಿಲ್ಲದೆ ಚಾಲಕನೇ ಗಾಡಿ ಒಯ್ದ ಎಂಬ ವಾದ ಬಂದ ದಿನ ಆ ಹುಡುಗನ ಪರ ಮಾತಾಡುವವರು ಯಾರು? ಅಂಥವನು ಮೊದಲ ದಿನವೇ ಕಾನೂನು ನೆರವಿನಿಂದ ಬೇರೆ ವಕೀಲರನ್ನು ಕೇಳುವುದು ಒಳ್ಳೆಯದು. ಜಪ್ತಿಯಾದ ವಾಹನಗಳನ್ನು ಠಾಣೆಯ ಮುಂದೆ ತುಕ್ಕು ಹಿಡಿಯಲು ಬಿಡಬಾರದು ಎಂದು 2002ರ ಸುಂದರ್‌ಭಾಯಿ ದೇಸಾಯಿ ತೀರ್ಪು ಹೇಳುತ್ತದೆ. ಬಾಂಡ್ ಕೊಟ್ಟು ಮಧ್ಯಂತರವಾಗಿ ಗಾಡಿ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬಹುದು, ಮರಳಿನ ಕೇಸುಗಳಲ್ಲಿ ಅದು ಸುಲಭವಲ್ಲದಿದ್ದರೂ.

ಕಾಲುವೆಯ ಕೊನೆಭಾಗಕ್ಕೆ ನೀರು ಬರಲಿಲ್ಲವೆಂದು ಮಾನ್ವಿ, ಸಿರವಾರದ ಕಡೆ ರೈತರು ರಸ್ತೆಗಿಳಿಯುತ್ತಾರೆ. ಅಲ್ಲಿ ವಶಕ್ಕೆ ತೆಗೆದುಕೊಂಡು ಕಲ್ಯಾಣ ಮಂಟಪದಲ್ಲಿ ಕೂರಿಸಿ ಸಂಜೆಗೆ ಬಿಟ್ಟರೂ, ಅದೂ ಸ್ವಾತಂತ್ರ್ಯ ಕಸಿದ ಕ್ರಮವೇ. 24 ತಾಸಿನ ಗಡಿ ಅದಕ್ಕೂ ಇದೆ. ಆ ದಿನ ಬಿಟ್ಟು ಕಳಿಸಿ ತಿಂಗಳ ನಂತರ ಸಮನ್ಸ್ ಬಂದಾಗಲೇ ಕೇಸು ಇತ್ತೆಂದು ಎಷ್ಟೋ ರೈತರಿಗೆ ತಿಳಿಯುತ್ತದೆ. ಸೂಕ್ಷ್ಮವಲ್ಲದ ಕೇಸುಗಳ ಎಫ್‌ಐಆರ್‌ಗಳನ್ನು 24 ತಾಸಿನೊಳಗೆ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲೇ ಆದೇಶವಾಗಿದೆ. ಹೋರಾಟ ಮುಗಿದ ಮರುದಿನ ಪೊಲೀಸ್ ಇಲಾಖೆಯ ಪುಟದಲ್ಲಿ ನೋಡಿಕೊಳ್ಳುವುದು ಸಂಘಟನೆಗಳ ರೂಢಿಯಾಗಬೇಕು. ಮಾತಿಗೆ ಮಾತು ಬೆಳೆದ ಬೈದಾಟ, ಸಣ್ಣ ಪೆಟ್ಟಿನ ಜಗಳ ಅಸಂಜ್ಞೇಯ ಪ್ರಕರಣಗಳು; ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮನವಿಯ ಮೂಲೆಯಲ್ಲಿ ‘ಅನುಮತಿಸಿದೆ’ ಎಂದು ಗೀಚಿದರೆ ಅದು ಅನುಮತಿಯಾಗದು, ಮನಸ್ಸಿಟ್ಟು ಪ್ರತ್ಯೇಕ ಆದೇಶ ಬರೆಯಬೇಕು ಎಂದು ಕಲಬುರಗಿ ಪೀಠ 2019ರಲ್ಲಿ ವಗ್ಗೆಪ್ಪ ಪ್ರಕರಣದಲ್ಲಿ ಹೇಳಿದ ಮೇಲೆ, ಅದೇ ಕಾರಣಕ್ಕೆ ಅನೇಕ ಕೇಸುಗಳು ಬಿದ್ದುಹೋಗಿವೆ. ನಮ್ಮ ಭಾಗದ ಪೀಠದಿಂದಲೇ ಬಂದ ಈ ತೀರ್ಪು ನಮ್ಮ ಹಳ್ಳಿಗಳಿಗೆ ಗೊತ್ತಿರಬೇಕಾದದ್ದು.

ದಲಿತರು ದೌರ್ಜನ್ಯದ ದೂರು ಕೊಟ್ಟ ಮರುದಿನ ಅವರ ಮೇಲೆ ಪ್ರತಿದೂರು ದಾಖಲಾಗುವುದು ಈ ಭಾಗದ ಹಳೆಯ ಕಥೆ. ರಾಜಿ ಪಂಚಾಯ್ತಿಯಲ್ಲಿ ಎರಡನ್ನೂ ತೂಗಿ ‘ನೀವೂ ಬಿಡ್ರಿ, ಅವರೂ ಬಿಡ್ತಾರ’ ಎನ್ನುತ್ತಾರೆ. ದೌರ್ಜನ್ಯ ತಡೆ ಕಾಯ್ದೆಯ ಕೇಸು ಊರಿನ ಕಟ್ಟೆಯಲ್ಲಿ ಕೂತು ಮುಗಿಸುವಂಥದ್ದಲ್ಲ. ಆ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ, ಕರ್ತವ್ಯ ಬಿಟ್ಟ ಅಧಿಕಾರಿಯ ಮೇಲೆ 4ನೇ ಕಲಮಿನಲ್ಲಿ ಕ್ರಮವಿದೆ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಹೋಗಬಹುದು. ಎಫ್‌ಐಆರ್ ಪ್ರತಿ ದೂರುದಾರನಿಗೆ ಪುಕ್ಕಟೆ ಸಿಗಬೇಕು.

ಹಬ್ಬ, ಚುನಾವಣೆ ಬಂದರೆ ಇನ್ನೊಂದು ಬಗೆಯ ಕಾಗದ ಬರುತ್ತದೆ: ತಹಶೀಲ್ದಾರರ ಮುಂದೆ ಹಾಜರಾಗಿ ಮುಚ್ಚಳಿಕೆ ಬರೆದುಕೊಡಿ ಎಂಬ ನೋಟಿಸು. ಅದು ಶಿಕ್ಷೆಯಲ್ಲ, ಅಪರಾಧ ಸಾಬೀತಾದಂತೆಯೂ ಅಲ್ಲ. ಯಾವ ಮಾಹಿತಿಯ ಮೇಲೆ, ಎಷ್ಟು ಮೊತ್ತದ, ಎಷ್ಟು ಅವಧಿಯ ಬಾಂಡ್ ಎಂಬುದು ಆದೇಶದಲ್ಲಿರಬೇಕು. ಒಪ್ಪದಿದ್ದರೆ ವಿಚಾರಣೆ ನಡೆಸಬೇಕು. ಎಲ್ಲರೂ ಸಹಿ ಹಾಕಿ ಬರುತ್ತಾರೆಂದು ಹಾಕಿದ ಮುಚ್ಚಳಿಕೆಗಳೇ ಮುಂದೆ ಗಡೀಪಾರಿನ ಕಡತಕ್ಕೆ ಆಧಾರವಾಗುತ್ತವೆ. ಗಡೀಪಾರಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿದೆ, ಆದೇಶಕ್ಕೆ ಮುನ್ನ ಅಹವಾಲು ಕೇಳಲೇಬೇಕು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕನ್ನಡದ ಹೋರಾಟಗಾರರೊಬ್ಬರನ್ನು ಒಂದು ವರ್ಷ ಮಾನ್ವಿ ತಾಲ್ಲೂಕಿಗೆ ಗಡೀಪಾರು ಮಾಡಿ ಪುತ್ತೂರಿನ ಉಪವಿಭಾಗಾಧಿಕಾರಿ ಆದೇಶಿಸಿದಾಗ ಮಾನ್ವಿಯ ಹೆಸರು ರಾಜ್ಯವೆಲ್ಲ ಓಡಾಡಿತು. ಅವರು ಹೈಕೋರ್ಟಿನಲ್ಲಿ ಆ ಆದೇಶವನ್ನು ಪ್ರಶ್ನಿಸಿದರು. ಅವರ ಹೋರಾಟ ಯಾರಿಗೆ ಒಪ್ಪಿಗೆಯಾಗಲಿ ಬಿಡಲಿ, ಇಂಥ ಆದೇಶವನ್ನು ಪ್ರಶ್ನಿಸಲು ದಾರಿಯಿದೆ ಎಂಬುದನ್ನು ನಮ್ಮ ತಾಲ್ಲೂಕಿನ ಹುಡುಗರು ಅದರಿಂದ ತಿಳಿದುಕೊಳ್ಳಬಹುದು. ಒಂದು ತಾಲ್ಲೂಕನ್ನು ಗಡೀಪಾರಿನ ಜಾಗವೆಂದು ಆರಿಸುವುದು ಅಲ್ಲಿನವರ ಮನಸ್ಸಿಗೆ ನೋವು ತರುವ ಸಂಗತಿ ಎಂಬುದನ್ನೂ ಹೇಳಲೇಬೇಕು.

ಜಾಮೀನಿನ ಕಡೆಗೆ ಬರೋಣ. ಜಾಮೀನು ಕೊಡಲೇಬೇಕಾದ ಅಪರಾಧವಾಗಿದ್ದರೆ ಠಾಣೆಯಲ್ಲೇ ಬಿಡಬೇಕು, ಆ ಹಕ್ಕು ಇದೆಯೆಂದು ಪೊಲೀಸರೇ ತಿಳಿಸಬೇಕು. ದೋಷಾರೋಪ ಪಟ್ಟಿ 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ, ಆದರೆ ಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು. ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲೇ ಕಳೆದಿದ್ದರೆ ಬಾಂಡಿನ ಮೇಲೆ ಬಿಡುಗಡೆಗೆ 479ನೇ ಕಲಮಿದೆ. ಜೀವಾವಧಿ, ಮರಣದಂಡನೆಯ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೂ ಅದು ಅನ್ವಯಿಸುವುದಿಲ್ಲ. ಇವೆಲ್ಲ ದಾಟಿ ಆದೇಶ ಸಿಕ್ಕ ಮೇಲೂ ಬಿಡುಗಡೆ ಸಿಗದೆ ಕೂತವರ ಕಷ್ಟ ಹೊಲವಿಲ್ಲದವರ ಕಷ್ಟ. ನಮ್ಮ ಕೋರ್ಟುಗಳಲ್ಲಿ ಜಾಮೀನುದಾರ ಎಂದರೆ ಪಹಣಿ ಹಿಡಿದು ಬರುವವನು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದ ಗಾರೆ ಕೆಲಸದವನು ಅಲ್ಲಿ ಬಂಧನವಾದರೆ ಅವನಿಗೆ ಪಹಣಿ ತರುವವರು ಯಾರು? 1978ರ ಮೋತಿರಾಮ್ ಪ್ರಕರಣದ ಆರೋಪಿಯೂ ಗಾರೆ ಕೆಲಸದವನೇ. ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿ, ಅವನ ಸಹೋದರನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆಯೆಂದು ಆ ಸಹೋದರನ ಜಾಮೀನನ್ನು ಕೆಳಗಿನ ಕೋರ್ಟು ನಿರಾಕರಿಸಿತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ ಮೊತ್ತವನ್ನು ಸಾವಿರಕ್ಕೆ ಇಳಿಸಿದರು. ಬೇರೆ ಜಿಲ್ಲೆಯ ಜಾಮೀನುದಾರ ಬೇಡ ಎಂದರೆ ಇಂದಿಗೂ ಮುಂದಿಡಬೇಕಾದ ತೀರ್ಪು ಅದು. ಹೊರಜಿಲ್ಲೆಯವನ ಬಂಧನದ ಸುದ್ದಿಯನ್ನು ಅವನ ಊರಿನ ಠಾಣೆ ಮತ್ತು ಕಾನೂನು ನೆರವು ಸಂಸ್ಥೆಯ ಮೂಲಕ 8ರಿಂದ 12 ತಾಸಿನೊಳಗೆ ಮನೆಯವರಿಗೆ ಮುಟ್ಟಿಸಬೇಕೆಂದು ಡಿ.ಕೆ. ಬಸು ತೀರ್ಪಿನಲ್ಲೇ ಇದೆ. ಜಾಮೀನು ಸಿಕ್ಕ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಭದ್ರತೆ ಒದಗಿಸಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ಪರಿಶೀಲಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿದೆ. ಬಡ ಕೈದಿಗಳ ನೆರವಿಗೆಂದು ಅದೇ ವರ್ಷ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ವಿಚಾರಣಾಧೀನ ಕೈದಿಗೆ ಆಗ 40,000 ರೂಪಾಯಿವರೆಗೆ ನೆರವು ಗೊತ್ತು ಮಾಡಲಾಗಿತ್ತು. ಜೈಲಿನಲ್ಲಿರುವವನು ಇದನ್ನು ತಾನಾಗಿ ತಿಳಿದುಕೊಳ್ಳಲಾರ, ಹೊರಗಿರುವ ಮನೆಯವರು ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು.

ಸಣ್ಣ ಕೇಸುಗಳಲ್ಲಿ ಕಾಣುವ ಒಂದು ಅಪಾಯ ಉಳಿದಿದೆ. ಜಾತ್ರೆಯಲ್ಲಿ ಅಂದರ್ ಬಾಹರ್ ಆಡುತ್ತ ಸಿಕ್ಕವನು, ಜಗಳದಲ್ಲಿ ಹೆಸರು ಸೇರಿದವನು, ಅಲೆದಾಟ ಬೇಡವೆಂದು ‘ತಪ್ಪಾತು’ ಎಂದು ಒಪ್ಪಿ ನೂರೋ ಇನ್ನೂರೋ ದಂಡ ಕಟ್ಟಿ ಬರುತ್ತಾನೆ. ದಂಡ ಕಟ್ಟಿದ್ದು ಶಿಕ್ಷೆಯೇ. ಎರಡು ವರ್ಷದ ನಂತರ ಅದೇ ಹುಡುಗ ಪೇದೆ ಹುದ್ದೆಗೆ ಅರ್ಜಿ ಹಾಕಿದಾಗ ಹಿನ್ನೆಲೆ ಪರಿಶೀಲನೆಯಲ್ಲಿ ಅದು ಮೇಲೆ ಬರುತ್ತದೆ. ನಮೂನೆಯಲ್ಲಿ ಮುಚ್ಚಿಟ್ಟಿದ್ದರೆ ಇನ್ನೂ ಕಷ್ಟ. ಸಣ್ಣ ಕೇಸನ್ನು ಮುಚ್ಚಿಟ್ಟವರ ವಿಷಯದಲ್ಲಿ ಪ್ರತಿ ಪ್ರಕರಣವನ್ನೂ ಬಿಡಿಬಿಡಿಯಾಗಿ ತೂಗಬೇಕೆಂದು 2016ರ ಅವತಾರ್ ಸಿಂಗ್ ತೀರ್ಪು ಹೇಳುತ್ತದೆ, ನಿಜವನ್ನೇ ಬರೆದವನಿಗೆ ಅದು ಹೆಚ್ಚು ನೆರವಾಗುತ್ತದೆ. ರಾಜಿಗೆ ಅವಕಾಶವಿರುವ ಅಪರಾಧವಾದರೆ ಎದುರಿನವರ ಜೊತೆ ಕೋರ್ಟಿನ ಮೂಲಕ ರಾಜಿ ಮಾಡಿಕೊಂಡರೆ ಅದು ಖುಲಾಸೆಗೆ ಸಮ. ಒಪ್ಪಿಕೊಳ್ಳುವ ಮುನ್ನ ಒಂದು ಸಲ ವಕೀಲರನ್ನು ಕೇಳಿ. ಖುಲಾಸೆಯಾದವರು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ ಇಟ್ಟುಕೊಳ್ಳಿ. ಆ ಕೇಸಿನಿಂದ ಠಾಣೆಯ ರೌಡಿ ಪಟ್ಟಿಗೆ ಸೇರಿದ ಹೆಸರು ಇನ್ನೂ ಉಳಿದಿದ್ದರೆ ಆ ಪ್ರತಿಯನ್ನು ಲಗತ್ತಿಸಿ ಎಸ್‌ಪಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಆ ಸ್ವೀಕೃತಿಯೊಂದಿಗೇ ಕಲಬುರಗಿ ಪೀಠಕ್ಕೆ ರಿಟ್ ಅರ್ಜಿ ಹಾಕಬಹುದು.